ಹಳೆಯ ವೆಬ್‌ಸೈಟ್: ರಿಪೇರಿ ಸಾಕೇ, ಹೊಸದೇ ಬೇಕೇ?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಂದೆಯವರು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿಕೊಡುವ ಕೇಟರಿಂಗ್ ನಡೆಸುತ್ತಾರೆ. 2014ರಲ್ಲಿ ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವನೀಗ ಕೆನಡಾದಲ್ಲಿದ್ದಾನೆ. ಆಮೇಲೆ ನಾವು ಅದನ್ನು ಮುಟ್ಟಿಲ್ಲ. ಮೊನ್ನೆ ಒಂದು ಕಂಪನಿಯವರು ಫೋನ್ ಮಾಡಿ, "ಗೂಗಲ್ ಪರೀಕ್ಷೆಯಲ್ಲಿ ನಿಮ್ಮ ಸೈಟಿಗೆ ನೂರಕ್ಕೆ 31 ಅಂಕ ಬಂದಿದೆ, ಪೂರ್ತಿ ಹೊಸದಾಗಿ ಮಾಡಿಸಬೇಕು, 90 ಸಾವಿರ ಆಗುತ್ತದೆ" ಎಂದರು. ತಮ್ಮನಿಗೆ ಹೊಸದೇ ಬೇಕು. ಅದರಲ್ಲಿ ಸಾರಿನ ಪುಡಿಯನ್ನೂ ಮಾರಬಹುದು ಎನ್ನುತ್ತಾನೆ. ತಂದೆಯವರು ಮಾತ್ರ "ನಮಗೆ ಬರುವ ಆರ್ಡರ್ ಎಲ್ಲ ಬಾಯಿಮಾತಿನಿಂದ, ಸೈಟೇ ಬೇಡ, ಮುಚ್ಚಿಬಿಡು" ಎನ್ನುತ್ತಾರೆ. ಸೈಟಿನ ವಿಳಾಸ ಕಳಿಸಿದ್ದೇನೆ. ದಯವಿಟ್ಟು ನೋಡಿ ಹೇಳಿ.
ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಸೈಟನ್ನು ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಮೊಬೈಲಿನಲ್ಲಿ ನೋಡಿದೆ. ಮುಖಪುಟದಲ್ಲಿರುವ ಸ್ಥಿರ ದೂರವಾಣಿ ಸಂಖ್ಯೆಗೆ ಕರೆಯನ್ನೂ ಮಾಡಿದೆ. ಆ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಧ್ವನಿಮುದ್ರಿತ ಉತ್ತರ ಬಂತು. ಆದ್ದರಿಂದ ಮಿಕ್ಕಿದ್ದನ್ನು ನಿಧಾನವಾಗಿ ಓದಿಕೊಳ್ಳಿ, ಆ ಸಂಖ್ಯೆಯನ್ನು ಮಾತ್ರ ಇವತ್ತೇ ಬದಲಿಸಿ. 90 ಸಾವಿರ ಕೊಡಬೇಡಿ, ಸೈಟನ್ನು ಮುಚ್ಚಲೂ ಬೇಡಿ. ಕೊನೆಗೆ ಒಂದಷ್ಟು ಹೊಸ ಕೆಲಸವನ್ನು ಮಾಡಿಸಲೇಬೇಕಾಗುತ್ತದೆ ನಿಜ. ಆದರೆ ಆ ಕಂಪನಿಯವರು ಹೇಳಿದ ಕಾರಣಕ್ಕೂ ಅಲ್ಲ, ಅವರು ಹೇಳಿದ ಕ್ರಮದಲ್ಲೂ ಅಲ್ಲ.

ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ವ್ಯಾಪಾರದ ತಿಳಿವಳಿಕೆ ಹೆಚ್ಚಾಗಿ ಇರುವುದು ಅದರಲ್ಲೇ. ಮದುವೆಯ ಅಡುಗೆಯವರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಹೆಸರಿಗೆ ಯಾರೂ ಮುಂಗಡ ಕೊಡುವುದಿಲ್ಲ. ಜಯನಗರದ ಯಾವುದೋ ಮದುವೆಯಲ್ಲಿ ಎಲೆಯ ಮುಂದೆ ಕುಳಿತವರು, ಹೋಳಿಗೆ ಚೆನ್ನಾಗಿದೆಯಲ್ಲ, ಅಡುಗೆ ಯಾರದು ಎಂದು ವಿಚಾರಿಸುತ್ತಾರೆ. ಹೆಸರು ಕೇಳಿಕೊಂಡು ಮನೆಗೆ ಹೋಗುತ್ತಾರೆ. ಕೆಲವು ತಿಂಗಳಾದ ಮೇಲೆ ಅವರ ಮಗಳ ಮದುವೆ ನಿಶ್ಚಯವಾಗುತ್ತದೆ. ಆಗ ಆ ಹೆಸರು ನೆನಪಾಗಿ ಮೊಬೈಲಿನಲ್ಲಿ ಹುಡುಕುತ್ತಾರೆ. ಬಾಯಿಮಾತು ಅಲ್ಲಿಯವರೆಗೆ ಕರೆತಂದು ಬಿಟ್ಟಿತು. ಅಲ್ಲಿಂದ ಫೋನ್ ಕರೆಯವರೆಗಿನ ಎರಡು ನಿಮಿಷ ಸೈಟಿನ ಪಾಲಿನದು.

ಹೀಗೆ ಬರುವವರು ಅಪರಿಚಿತರಲ್ಲ. ನಿಮ್ಮ ಸಾರು ಉಂಡವರು, ಅರ್ಧ ಮನಸ್ಸು ಮಾಡಿಕೊಂಡೇ ಬಂದವರು. ಅವರನ್ನು ಮರುಳು ಮಾಡುವ ಚಿತ್ರಗಳ ಅಗತ್ಯವಿಲ್ಲ. ಇವರು ಈಗಲೂ ಕೆಲಸ ಹಿಡಿಯುತ್ತಾರೆಯೇ, 150 ಜನರ ಮುಂಜಿಗೂ ಬರುತ್ತಾರೆಯೇ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮಾಡುತ್ತಾರೆಯೇ, ಎಲೆಗೆ ಸುಮಾರು ಎಷ್ಟಾಗುತ್ತದೆ, ಯಾರಿಗೆ ಫೋನ್ ಮಾಡಬೇಕು ಎಂಬಷ್ಟು ತಿಳಿದರೆ ಅವರಿಗೆ ಸಾಕು. ಸೈಟನ್ನು ಬದಲಿಸಬೇಕೋ ಬೇಡವೋ ಎಂದು ನಾನು ಅಳೆಯುವುದು ಇದರಿಂದಲೇ. ಅದರ ವಯಸ್ಸು ಕೇಳುವುದಿಲ್ಲ. ಬಣ್ಣ, ವಿನ್ಯಾಸ ಕೊನೆಗೆ ನೋಡಬೇಕಾದ ವಿಷಯ.

ಈ ಅಳತೆಗೆ ನಿಮ್ಮ ಸೈಟ್ ಎಲ್ಲಿ ಸೋಲುತ್ತದೆ ಎಂದು ಹೇಳುತ್ತೇನೆ. ಬೆಲೆಪಟ್ಟಿಯಲ್ಲಿ ಎಲೆಗೆ 160 ರೂಪಾಯಿ ಎಂದಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ "ವ್ಯಾಟ್ ಪ್ರತ್ಯೇಕ". ವ್ಯಾಟ್ ಹೋಗಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅದೊಂದು ಸಾಲು ಸಾಕು, ಈ ಪುಟವನ್ನು ಎಷ್ಟು ವರ್ಷದಿಂದ ಯಾರೂ ತಿರುಗಿ ನೋಡಿಲ್ಲ ಎಂದು ಗಿರಾಕಿ ಲೆಕ್ಕ ಹಾಕಿಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ 160 ರೂಪಾಯಿಯನ್ನು ನಂಬಿ ಫೋನ್ ಮಾಡಿದವರಿಗೆ ಇವತ್ತಿನ ದರ ಹೇಳುವಾಗ ನಿಮ್ಮ ತಂದೆಯವರು ಮಾತು ಶುರುವಾಗುವ ಮೊದಲೇ ಸಮಜಾಯಿಷಿ ಕೊಡಬೇಕಾಗುತ್ತದೆ. ಸಂಪರ್ಕದ ಪುಟದಲ್ಲಿ ಗೂಗಲ್ ಪ್ಲಸ್ ಗುಂಡಿ ಇದೆ. ಸಾರ್ವಜನಿಕರ ಪಾಲಿಗೆ ಆ ಸೇವೆ 2019ರ ಏಪ್ರಿಲ್‌ನಲ್ಲೇ ಮುಚ್ಚಿಹೋಯಿತು. ನಕ್ಷೆ ಇರಬೇಕಾದ ಕಡೆ ಬೂದು ಚೌಕವೊಂದಿದೆ. ಗೂಗಲ್ 2018ರಲ್ಲಿ ಇಂತಹ ನಕ್ಷೆಗಳಿಗೆ ಕೀ (ತಾನು ಕೊಡುವ ಗುರುತಿನ ಸಂಕೇತ) ಮತ್ತು ಬಿಲ್ಲಿಂಗ್ ಖಾತೆಯನ್ನು ಕಡ್ಡಾಯ ಮಾಡಿತು, ಹಳೆಯ ಸೈಟುಗಳ ನಕ್ಷೆಗಳು ಆವಾಗಿನಿಂದ ಕೆಟ್ಟು ಕುಳಿತಿವೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ನಿಮ್ಮ ಜಾಗವನ್ನು ಹುಡುಕಿ, ಶೇರ್ ಒತ್ತಿದರೆ ಪುಟದಲ್ಲಿ ಅಂಟಿಸುವ ಎಂಬೆಡ್ ಕೋಡ್ ಉಚಿತವಾಗಿಯೇ ಸಿಗುತ್ತದೆ. ಹಾಗೆಯೇ ದಾರಿಯ ವಿವರಣೆಯಲ್ಲಿ ಬರೀ ಬಸ್ ನಿಲ್ದಾಣದ ಗುರುತುಗಳಿವೆ. ಹಸಿರು ಮಾರ್ಗದ ಮೆಟ್ರೊ 2017ರ ಜೂನ್‌ನಿಂದ ನ್ಯಾಷನಲ್ ಕಾಲೇಜಿನ ಮುಂದೆ ನಿಲ್ಲುತ್ತಿದೆ, ಅದನ್ನೂ ಬರೆಯಿರಿ.

ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕುವುದು 2022ರ ಜನವರಿಯಿಂದ ಕಡ್ಡಾಯವಾಗಿದೆ. ಸೈಟಿನಲ್ಲೂ ಕಾಣುವಂತೆ ಹಾಕಿ. ಆಫೀಸುಗಳಿಗೆ ಊಟ ತರಿಸುವವರು ಅದನ್ನು ಮೊದಲು ಕೇಳುತ್ತಾರೆ. ಇನ್ನು ದರವನ್ನು ಸೈಟಿನಲ್ಲಿ ಹಾಕಬೇಕೇ ಎಂಬ ಪ್ರಶ್ನೆ. ಈ ಕಸುಬಿನ ಬಹಳ ಜನ ಬೇಡ ಎನ್ನುತ್ತಾರೆ. ನನ್ನ ಮಟ್ಟಿಗೆ ಹಾಕುವುದೇ ವಾಸಿ: ಇಷ್ಟರಿಂದ ಇಷ್ಟರವರೆಗೆ ಎಂದು, ಯಾವ ತಿಂಗಳ ದರ ಎಂಬುದನ್ನೂ ಸೇರಿಸಿ. ಕೋಸಂಬರಿ, ಎರಡು ಪಲ್ಯ, ಗೊಜ್ಜು, ಹುಳಿ, ಸಾರು, ಚಿರೋಟಿ, ಫೇಣಿ ಎಂದು ಪಟ್ಟಿಯನ್ನು ಅಕ್ಷರಗಳಲ್ಲೇ ಟೈಪ್ ಮಾಡಿ. ಈಗಿರುವಂತೆ ಅಚ್ಚಾದ ಕಾರ್ಡಿನ ಫೋಟೊ ಹಾಕಿದರೆ ಮೊಬೈಲಿನಲ್ಲಿ ಓದಲು ಕಣ್ಣು ಕಿರಿದು ಮಾಡಬೇಕು, ಗೂಗಲ್‌ಗಂತೂ ಅದೊಂದು ಚಿತ್ರವಷ್ಟೇ.

ಸಂಪರ್ಕದ ಫಾರಂ ಅನ್ನೂ ತುಂಬಿ ಕಳಿಸಿದೆ. "ಧನ್ಯವಾದಗಳು, 24 ಗಂಟೆಯೊಳಗೆ ಕರೆ ಮಾಡುತ್ತೇವೆ" ಎಂದಿತು. ನಿಮಗೆ ತಲುಪಿತೇ? ತಲುಪಿರಲಾರದು. ಇಂತಹ ಫಾರಂಗಳು ಸಾಮಾನ್ಯವಾಗಿ ಸೈಟ್ ಮಾಡಿದವರ ಇಮೇಲ್‌ಗೆ ಹೋಗುತ್ತವೆ. ಬಸವನಗುಡಿಯ ಮದುವೆ ಊಟದ ವಿಚಾರಣೆಗಳು ಇಷ್ಟು ವರ್ಷ ಕೆನಡಾದ ಯಾವುದೋ ಇಮೇಲ್ ಪೆಟ್ಟಿಗೆಯಲ್ಲಿ ಬೀಳುತ್ತಿದ್ದರೆ ಆಶ್ಚರ್ಯವಿಲ್ಲ. ಫಾರಂ ತೆಗೆದುಹಾಕಿ, ಒತ್ತಿದರೆ ಕರೆ ಹೋಗುವ ಮೊಬೈಲ್ ಸಂಖ್ಯೆ ಮತ್ತು ಒಂದು ವಾಟ್ಸ್‌ಆ್ಯಪ್ ಕೊಂಡಿ ಇಡಿ. ಅಡುಗೆಯ ಮಾತು ಫಾರಂನಲ್ಲಿ ಮುಗಿಯುವುದಿಲ್ಲ, ಫೋನಿನಲ್ಲೇ ಮುಗಿಯಬೇಕು. ಫಾರಂ ಉಳಿಸಿಕೊಂಡರೆ ಜನರ ಹೆಸರು, ದೂರವಾಣಿ ಸಂಖ್ಯೆ ಸಂಗ್ರಹಿಸುತ್ತೀರಿ ಎಂದಾಗುತ್ತದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಕಡೆಗೂ ಒಂದು ಕಣ್ಣಿಡಬೇಕಾಗುತ್ತದೆ. ನಿಮಗೆ ಆ ತಲೆನೋವು ಬೇಕಾಗಿಲ್ಲ.

ಇನ್ನು ಕನ್ನಡದ ಪುಟ. ಅದನ್ನು ಕಂಡು ನನಗೆ ಬೇಸರವಾಯಿತು, ಏಕೆಂದರೆ ಅದನ್ನು ಮಾಡಿದ ಹುಡುಗ ಶ್ರದ್ಧೆಯಿಂದಲೇ ಮಾಡಿದ್ದಾನೆ. ಆ ಪುಟ ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಚುಕ್ಕೆ, ನಡುವೆ ಪೌಂಡ್ ಚಿಹ್ನೆ ಬೆರೆತ ಗೋಜಲು ಕಾಣುತ್ತದೆ. ಅದನ್ನು ಬರೆದಿರುವುದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ, ಎಲ್ಲ ಮೊಬೈಲು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಆ ಪದ್ಧತಿಯಲ್ಲಿ ಒಳಗಿರುವುದು ಲ್ಯಾಟಿನ್ ಅಕ್ಷರದ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತದೆ ಅಷ್ಟೇ. ಹುಡುಗನ ಕಂಪ್ಯೂಟರಿನಲ್ಲಿ ಆ ಫಾಂಟ್ ಇತ್ತು, ಅವನಿಗೆ ಚೆನ್ನಾಗಿಯೇ ಕಂಡಿತು. ನಿಮ್ಮ ಗಿರಾಕಿಯ ಮೊಬೈಲಿನಲ್ಲಿ ಅದು ಇಲ್ಲ. ಗೂಗಲ್‌ಗೂ ಆ ಪುಟದಲ್ಲಿ 'ಮದುವೆ' ಎಂಬ ಪದವೇ ಕಾಣುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಹುಡುಕಿದವರಿಗೆ ನೀವು ಸಿಗುವುದೇ ಇಲ್ಲ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ತಿದ್ದಿ. ತಪ್ಪು ನುಸುಳುವುದು ಅಲ್ಲೇ. ಎರಡು ಪುಟದ ಬರಹವಾದ್ದರಿಂದ ಹೊಸದಾಗಿ ಮೊಬೈಲಿನಲ್ಲೇ ಟೈಪ್ ಮಾಡಿದರೂ ಆದೀತು. ಆ ಕಂಪನಿಯವರು ತಮ್ಮ ವರದಿಯಲ್ಲಿ ಇದರ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ ಎಂದು ನನ್ನ ಊಹೆ.

ಅವರ 31 ಅಂಕಕ್ಕೆ ಬರೋಣ. ಅದು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಪರೀಕ್ಷೆಯ ಅಂಕ. ಯಾರು ಬೇಕಾದರೂ ಯಾವ ಸೈಟಿನ ವಿಳಾಸ ಹಾಕಿಯಾದರೂ ನೋಡಬಹುದು. 50ಕ್ಕಿಂತ ಕೆಳಗಿದ್ದರೆ ಕೆಂಪು ವೃತ್ತ, 90 ದಾಟಿದರೆ ಹಸಿರು. ಮಾರಾಟಕ್ಕೆ ಬರುವವರು ಆ ಕೆಂಪು ವೃತ್ತದ ಚಿತ್ರವನ್ನು ಕಳಿಸಿ ಗಾಬರಿ ಹುಟ್ಟಿಸುವುದು ಈಗ ಮಾಮೂಲು. ಅದು ಹುಡುಕಾಟದಲ್ಲಿ ನಿಮ್ಮ ಸ್ಥಾನವಲ್ಲ, ನಿಮ್ಮ ಅಡುಗೆಗೆ ಕೊಟ್ಟ ಅಂಕವೂ ಅಲ್ಲ. ಪ್ರಯೋಗಾಲಯದಲ್ಲಿ ಒಂದು ನಿಧಾನ ಮೊಬೈಲನ್ನು ಅನುಕರಿಸಿ ಪುಟ ತೆರೆದಾಗ ಹೇಗೆ ನಡೆದುಕೊಂಡಿತು ಎಂಬುದರ ಲೆಕ್ಕ. ಅಂಕವನ್ನು ಬಿಟ್ಟು ಅದರ ಕೆಳಗಿನ ವಿವರ ಓದಿದರೆ ಉಪಯೋಗವಿದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ.

ನಿಮ್ಮಲ್ಲಿ ಅದು ಕಾಣಿಸುವುದಕ್ಕೆ ಅಷ್ಟು ಹೊತ್ತು ಹಿಡಿಯುವ ಕಾರಣವನ್ನು ಪರೀಕ್ಷೆಯಿಲ್ಲದೆಯೂ ಹೇಳಬಹುದು. ಮುಖಪುಟದ ಮೇಲೆ ಬಾಳೆಲೆ ಊಟದ ಚಿತ್ರವಿದೆಯಲ್ಲ, ಅದನ್ನು ಕ್ಯಾಮೆರಾದಿಂದ ತೆಗೆದವರು ಹಾಗೆಯೇ ಏರಿಸಿದ್ದಾರೆ. ಐದು ಎಂಬಿಗೂ ಮೀರಿದ ಕಡತ. ಪರದೆಯ ಮೇಲೆ ಅಂಗೈಯಗಲ ಕಾಣುವ ಚಿತ್ರಕ್ಕೆ ಗೋಡೆಗೆ ಅಚ್ಚು ಹಾಕಿಸುವಷ್ಟು ಗಾತ್ರ. ಕೆಳಗಿನ ಚಿತ್ರಸಂಪುಟದಲ್ಲೂ ಅದೇ ಕಥೆ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಒಂದೊಂದು ಚಿತ್ರವೂ ಇನ್ನೂರು ಕೆಬಿಯ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ. ಇದು ಕಾಲೇಜಿಗೆ ಹೋಗುವ ಹುಡುಗರೂ ಮಾಡಬಲ್ಲ ಕೆಲಸ. ಈ ಒಂದು ಕೆಲಸದಿಂದಲೇ ಕೆಂಪು ವೃತ್ತ ಬಣ್ಣ ಬದಲಿಸಿದರೂ ಬದಲಿಸಬಹುದು. ಆದರೆ ನೀವು ಅದಕ್ಕಾಗಿ ಮಾಡುತ್ತಿಲ್ಲ. ಕಲ್ಯಾಣ ಮಂಟಪದ ನೆಲಮಾಳಿಗೆಯ ಊಟದ ಹಾಲಿನಲ್ಲಿ, ಒಂದೇ ಗೀಟಿನ ಸಿಗ್ನಲ್ ಹಿಡಿದು ನಿಮ್ಮ ಹೆಸರು ಹುಡುಕುವವರಿಗಾಗಿ ಮಾಡುತ್ತಿದ್ದೀರಿ.

ಮುಖಪುಟದ ಮೇಲೆ ಎಡಕ್ಕೆ ಓಡುವ "ಸುಸ್ವಾಗತ" ಮತ್ತು ಕೆಳಗಿನ ಸಂದರ್ಶಕರ ಎಣಿಕೆ, ಇವುಗಳ ಬಗ್ಗೆ ನಿಮ್ಮ ತಮ್ಮನಿಗೆ ನಾಚಿಕೆಯಾಗುತ್ತಿರಬಹುದು. ತೆಗೆದರೆ ತೆಗೆಯಿರಿ. ಅವುಗಳಿಂದ ಒಂದು ಆರ್ಡರೂ ತಪ್ಪಿಹೋಗಿರಲಾರದು. ಇತ್ತೀಚಿನ ಎಷ್ಟೋ ಹೊಸ ಸೈಟುಗಳಲ್ಲಿ ಬಿಳಿಯ ಮೇಲೆ ತಿಳಿಬೂದು ಬಣ್ಣದ ಕಡ್ಡಿಯಂತಹ ಅಕ್ಷರ ಇಡುತ್ತಾರೆ. ಮಗಳ ಮದುವೆ ಮಾಡುವ ವಯಸ್ಸಿನವರಿಗೆ ಅದು ಕಾಣುವುದೇ ಇಲ್ಲ. ಓಡುವ ಅಕ್ಷರಕ್ಕಿಂತ ಅದು ದೊಡ್ಡ ದೋಷ ಎಂದೇ ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೇಲಿನ ವಿಷಯ. ಒಳಗಡೆ ನೋಡಿದರೆ ನಿಮ್ಮ ತಮ್ಮನ ಮಾತಿಗೂ ಆಧಾರವಿದೆ. ವರ್ಡ್‌ಪ್ರೆಸ್‌ನ ಡ್ಯಾಶ್‌ಬೋರ್ಡ್‌ಗೆ ಹೋಗಿ ಬಲಗಡೆ ಕೆಳಮೂಲೆಯಲ್ಲಿ ಸಣ್ಣದಾಗಿ ಬರೆದಿರುವ ಆವೃತ್ತಿಯ ಸಂಖ್ಯೆ ನೋಡಿ. 2014ರಲ್ಲಿ ಮಾಡಿ ಬಿಟ್ಟದ್ದಾದರೆ 3.9 ಅಥವಾ 4.0ರ ಆಸುಪಾಸಿನಲ್ಲಿರಬೇಕು. 4.0ರವರೆಗಿನ ಆ ಹಳೆಯ ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿ ಕಳಿಸುವುದನ್ನು ವರ್ಡ್‌ಪ್ರೆಸ್‌ನವರು 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಹಾಗೆಯೇ ಹೋಸ್ಟಿಂಗ್‌ನವರಿಗೆ, ಅಂದರೆ ನಿಮ್ಮ ಸೈಟಿಗೆ ಜಾಗ ಬಾಡಿಗೆ ಕೊಟ್ಟಿರುವ ಕಂಪನಿಗೆ, ಫೋನ್ ಮಾಡಿ ವರ್ಡ್‌ಪ್ರೆಸ್ ಓಡುವ ಪಿಎಚ್‌ಪಿ ಎಂಬ ಭಾಷೆ ಯಾವ ಆವೃತ್ತಿಯದು ಎಂದು ಕೇಳಿ. 5.6 ಎಂದರೆ ಅದರ ಆಯುಷ್ಯ 2018ರ ಕೊನೆಗೇ ತೀರಿತು. ಇಂತಹ ಸೈಟಿಗೆ ಕಳ್ಳರು ನುಗ್ಗುವುದು ನಿಮ್ಮ ಮೇಲಿನ ದ್ವೇಷದಿಂದಲ್ಲ; ಹಳೆಯ ಆವೃತ್ತಿಗಳನ್ನು ಹುಡುಕುತ್ತ ಅಲೆಯುವ ಯಂತ್ರಗಳ ಕೆಲಸ ಅದು. ಒಳಗೆ ನುಗ್ಗಿದವರು ಮುಖಪುಟವನ್ನು ಮುಟ್ಟದೆ, ಹಿಂದುಗಡೆ ನೂರಾರು ಕಳ್ಳ ಪುಟಗಳನ್ನು ಸೇರಿಸಿಟ್ಟು ಹೋಗುತ್ತಾರೆ. ಪರೀಕ್ಷಿಸುವುದು ಸುಲಭ. ಗೂಗಲ್ ಹುಡುಕಾಟದಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಪಕ್ಕದಲ್ಲೇ ವಿವರಣ ಚಿಹ್ನೆಯ ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ನಿಮ್ಮ ಡೊಮೈನ್ ಹೆಸರು, ಅಂದರೆ ಸೈಟಿನ ವಿಳಾಸ, ಹಾಕಿ. ನಿಮ್ಮ ಸೈಟಿನದೆಂದು ಗೂಗಲ್ ತಿಳಿದಿರುವ ಪುಟಗಳ ಪಟ್ಟಿ ಬರುತ್ತದೆ. ಅದರಲ್ಲಿ ಜಪಾನಿ ಲಿಪಿ, ಮಾತ್ರೆ ಮಾರಾಟ, ಬ್ರ್ಯಾಂಡೆಡ್ ಶೂ ಕಂಡರೆ ಮನೆಗೆ ಕಳ್ಳ ಬಂದಾಗಿದೆ ಎಂದೇ ಅರ್ಥ. ನಿಮ್ಮದನ್ನು ಹಾಗೆ ನೋಡಿದೆ, ನಿಮ್ಮ ಪುಟಗಳಷ್ಟೇ ಬಂದವು. ಅದೃಷ್ಟ ಚೆನ್ನಾಗಿದೆ.

ವಿಳಾಸಪಟ್ಟಿಯಲ್ಲಿ "ಸುರಕ್ಷಿತವಲ್ಲ" ಎಂದು ಕಾಣುವುದು ಬೇರೆ ವಿಷಯ. 2018ರ ಜುಲೈನಿಂದ ಕ್ರೋಮ್ ಎಚ್‌ಟಿಟಿಪಿ ಎಂಬ ಹಳೆಯ, ಗೂಢಲಿಪಿಯಿಲ್ಲದ ಸಂಪರ್ಕದ ಎಲ್ಲ ಸೈಟುಗಳಿಗೂ ಹಾಗೆ ಹೇಳುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ, ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ಅದು ಒಂದು ಗುಂಡಿ ಒತ್ತುವ ಕೆಲಸ. ಇದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ, ನಿಮ್ಮಂತಹ ಸೈಟಿಗೆ ಉಚಿತವಾದದ್ದೇ ಸಾಕು ಎಂದು ಹೇಳಿ.

ಈಗ ಮೊಬೈಲಿನ ಮಾತು. ಸ್ವತಃ ಕಣ್ಣಾರೆ ನೋಡದೆ, ಬರೀ ನಾನು ಹೇಳಿದೆ ಎಂದು ನಿಮ್ಮ ಮನೆಯಲ್ಲಿ ಯಾರೂ ಇದನ್ನು ಒಪ್ಪುವುದಿಲ್ಲ, ಅದಕ್ಕೇ ಒಂದು ಪರೀಕ್ಷೆ ಮಾಡಿ. ಪಕ್ಕದ ಮನೆಯ ಆಂಟಿಯನ್ನೋ ಪರಿಚಯದ ಹಿರಿಯರನ್ನೋ ಕೂರಿಸಿಕೊಳ್ಳಿ. ಅವರದೇ ಮೊಬೈಲ್, ವೈಫೈ ಬೇಡ. ತಂದೆಯವರೂ ಪಕ್ಕದಲ್ಲಿರಲಿ. "150 ಜನರ ಮುಂಜಿಗೆ ಊಟ ಬೇಕು, ಈ ಸೈಟ್ ನೋಡಿ ಇವರಿಗೆ ಕರೆ ಮಾಡಿ" ಎಂದಷ್ಟೇ ಹೇಳಿ, ಆಮೇಲೆ ನೀವು ಮಾತಾಡಬಾರದು. ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿರಿ. ನಿಮ್ಮ ಸೈಟಿನಲ್ಲಿ ಏನಾಗುತ್ತದೆ ಎಂದರೆ, ಕಂಪ್ಯೂಟರಿನ ಇಡೀ ಪುಟ ಅಂಗೈಯಗಲಕ್ಕೆ ಕುಗ್ಗಿ ಬರುತ್ತದೆ. ಅವರು ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ, ಮೆನು ಪರದೆಯಾಚೆ ಹೋಗುತ್ತದೆ. ಎಡಕ್ಕೆ ಸರಿಸುತ್ತಾರೆ, ಬೇರೆ ಯಾವುದೋ ಗುಂಡಿಗೆ ಬೆರಳು ತಗಲಿ ಚಿತ್ರಸಂಪುಟ ತೆರೆದುಕೊಳ್ಳುತ್ತದೆ. ಸಂಖ್ಯೆ ಕೊನೆಗೂ ಸಿಕ್ಕಿದರೆ ಅದು ಚಿತ್ರದೊಳಗಿದೆ, ಒತ್ತಿದರೆ ಕರೆ ಹೋಗುವುದಿಲ್ಲ. ಪೆನ್ನು ಕೇಳುತ್ತಾರೆ. ತಂದೆಯವರು ಇದನ್ನೊಮ್ಮೆ ಕಣ್ಣಾರೆ ನೋಡಲಿ. ನನ್ನ ಇಷ್ಟುದ್ದದ ಉತ್ತರಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಗೂಗಲ್ ಕೂಡ ಈಗ ಸೈಟುಗಳನ್ನು ಓದುವುದು ಮೊಬೈಲಿನ ರೂಪದಲ್ಲೇ. 2016ರಲ್ಲಿ ಘೋಷಿಸಿದ ಈ ಬದಲಾವಣೆಯನ್ನು 2023ರ ಅಕ್ಟೋಬರ್‌ನಲ್ಲಿ ಮುಗಿಸಿದರು. ನಿಮ್ಮ ಸೈಟಿನ ಹಳೆಯ ಥೀಮ್ (ಪುಟಗಳಿಗೆ ರೂಪ ಕೊಡುವ ಅಚ್ಚು) ಮೊಬೈಲಿಗೆಂದು ಮಾಡಿದ್ದೇ ಅಲ್ಲ, ಅದನ್ನು ತೇಪೆ ಹಾಕಿ ಉಳಿಸುವುದರಲ್ಲಿ ಅರ್ಥವಿಲ್ಲ. ಹಾಗಾಗಿ ನನ್ನ ತೀರ್ಮಾನ ಇಷ್ಟು: ವರ್ಡ್‌ಪ್ರೆಸ್ ಇರಲಿ, ಅದನ್ನೂ ಪಿಎಚ್‌ಪಿಯನ್ನೂ ಇವತ್ತಿನ ಆವೃತ್ತಿಗೆ ತರಬೇಕು, ಮೊಬೈಲಿಗೆ ಹೊಂದುವ ಸರಳ ಥೀಮ್ ಹಾಕಬೇಕು. ಬರಹ, ಚಿತ್ರ, ಪುಟಗಳ ವಿಳಾಸ ಇದ್ದ ಹಾಗೇ ಉಳಿಯಬೇಕು. ತಿಳಿದವರಿಗೆ ಇದು ಕೆಲವು ದಿನಗಳ ಕೆಲಸ. ಇದಕ್ಕೂ, ಹೊಸ ಲಾಂಛನ, ವಿಡಿಯೊ, ಹತ್ತು ಪುಟಗಳ ಹೊಸ ಸೈಟಿಗೂ ಬಹಳ ಅಂತರವಿದೆ. ಕೈ ಹಾಕುವ ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆದು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

ಪುಟಗಳ ವಿಳಾಸ ಉಳಿಯಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ಅವರ ಹಳೆಯ ಸೈಟ್ ನಿಮ್ಮದಕ್ಕಿಂತ ಕುರೂಪವಾಗಿತ್ತು, ಆದರೆ ಅದರಲ್ಲೊಂದು ಪುಟದಲ್ಲಿ ಬುಷ್‌ಗಳ ಅಳತೆ, ಲೋಹ, ಟಾಲರೆನ್ಸ್ ಎಲ್ಲವೂ ಉದ್ದನೆಯ ಕೋಷ್ಟಕವಾಗಿ ಇತ್ತು. ಹೊಸೂರು, ಕೊಯಮತ್ತೂರಿನ ಕಾರ್ಖಾನೆಗಳ ಖರೀದಿ ವಿಭಾಗದವರು ಅಳತೆಯನ್ನೇ ಹುಡುಕಾಟದಲ್ಲಿ ಹಾಕಿ ಆ ಪುಟಕ್ಕೆ ಬರುತ್ತಿದ್ದರು. ಮಾಲೀಕರ ಮಗ ಓದು ಮುಗಿಸಿ ಬಂದವನು ಹೊಸ ಸೈಟ್ ಮಾಡಿಸಿದ. ಡ್ರೋನಿನಿಂದ ತೆಗೆದ ವಿಡಿಯೊ, "ನಮ್ಮ ದೃಷ್ಟಿ, ನಮ್ಮ ಧ್ಯೇಯ" ಎಲ್ಲ ಬಂತು. ಕೋಷ್ಟಕ ಚೆನ್ನಾಗಿ ಕಾಣುವುದಿಲ್ಲವೆಂದು ವಿನ್ಯಾಸಗಾರರು ಅದನ್ನು ತೆಗೆದರು, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿಯನ್ನೂ ಇಡಲಿಲ್ಲ. ವಿಚಾರಣೆಗಳು ಬತ್ತಿಹೋದವು. ಅವರಿಗೆ ಕಾರಣ ತಿಳಿಯುವ ಹೊತ್ತಿಗೆ ಗೂಗಲ್ ಆ ಪುಟವನ್ನು ಮರೆತಾಗಿತ್ತು. ಪುಟದ ವಿಳಾಸ ಬದಲಾಗಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ಮರುನಿರ್ದೇಶನ ಹಾಕಬೇಕು, ಕನಿಷ್ಠ ಒಂದು ವರ್ಷ ಅದನ್ನು ತೆಗೆಯಬಾರದು ಎಂದು ಗೂಗಲ್ ಕೂಡ ಹೇಳುತ್ತದೆ. ಯಾವ ಪುಟ ನಿಮಗೆ ಗಿರಾಕಿ ತರುತ್ತಿದೆ ಎಂದು ತಿಳಿಯಲು ಗೂಗಲ್‌ನ ಸರ್ಚ್ ಕನ್ಸೋಲ್ ಉಚಿತ. ಜನರು ಏನು ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದನ್ನು ಅದು 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಯಾವುದನ್ನೂ ಕೆಡವುವ ಮೊದಲು ಅದನ್ನೊಮ್ಮೆ ನೋಡಬೇಕು.

ಇಷ್ಟೆಲ್ಲ ಹೇಳಿದೆ, ಆದರೆ ಇದರಲ್ಲಿ ಏನೇ ಮಾಡಬೇಕಾದರೂ ಕೀಲಿ ನಿಮ್ಮ ಕೈಯಲ್ಲಿರಬೇಕು. ಡೊಮೈನ್ ಯಾರ ಹೆಸರಿನಲ್ಲಿದೆ? ನೋಂದಣಿ ಆ ಹುಡುಗನ ಇಮೇಲ್‌ನಲ್ಲಿದ್ದರೆ, ನವೀಕರಣದ ನೆನಪೋಲೆ ಹೋಗುವುದೂ ಅವನಿಗೇ. ಅವನು ಒಂದು ವರ್ಷ ಮರೆತರೆ ನಿಮ್ಮ ಹೆಸರಿನ ವಿಳಾಸ ಬೇರೆಯವರ ಪಾಲಾಗುತ್ತದೆ. ಹುಡುಗನೊಂದಿಗೆ ನಿಮ್ಮ ಸಂಬಂಧ ಚೆನ್ನಾಗಿರುವಾಗಲೇ ಒಂದು ಕರೆ ಮಾಡಿ. ಡೊಮೈನ್ ಖಾತೆ, ಹೋಸ್ಟಿಂಗ್ ಖಾತೆ, ವರ್ಡ್‌ಪ್ರೆಸ್‌ನ ಅಡ್ಮಿನ್, ಮೂರರ ಪ್ರವೇಶವನ್ನೂ ಕೇಳಿ ಪಡೆಯಿರಿ. ಡಾಟ್ ಕಾಮ್ ಡೊಮೈನ್‌ಗೆ ಮಾಲೀಕರ ಹೆಸರು ಬದಲಿಸಿದ ಮೇಲೆ ಬೇರೆ ಕಂಪನಿಗೆ ವರ್ಗಾಯಿಸಲು 60 ದಿನ ತಡೆ ಬೀಳಬಹುದು, ಆದ್ದರಿಂದ ಸದ್ಯಕ್ಕೆ ಅದೇ ಕಂಪನಿಯಲ್ಲೇ ಇಟ್ಟುಕೊಂಡು ಹೆಸರು, ಇಮೇಲ್, ಮೊಬೈಲ್ ಸಂಖ್ಯೆಯನ್ನು ತಂದೆಯವರದಕ್ಕೆ ಬದಲಿಸಿಕೊಳ್ಳಿ. ಮುಂದೆ ಯಾರಿಗೆ ಕೆಲಸ ಕೊಟ್ಟರೂ ಅವರಿಗೆಂದೇ ಬೇರೆ ಬಳಕೆದಾರರ ಖಾತೆ ತೆರೆದು ಕೊಡಿ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಿರಿ.

ಆ ಕಂಪನಿಯವರು ಮತ್ತೆ ಫೋನ್ ಮಾಡಿದರೆ ಜಗಳ ಬೇಡ. ಏನು ಕೆಟ್ಟಿದೆ ಎಂದು ಸಾಲುಸಾಲಾಗಿ ಬರೆದು ಕಳಿಸಿ ಎನ್ನಿ. ಡೊಮೈನ್, ಹೋಸ್ಟಿಂಗ್ ನಮ್ಮ ಹೆಸರಿನಲ್ಲೇ ಇರುತ್ತದೆಯೇ, ದರ ಬದಲಾದರೆ ನಾವೇ ತಿದ್ದಬಹುದೇ ಅಥವಾ ಪ್ರತಿ ಸಲ ನಿಮಗೆ ದುಡ್ಡು ಕೊಡಬೇಕೇ, ವರ್ಷಕ್ಕೆ ಎಷ್ಟು ಖರ್ಚು, ಕನ್ನಡ ಯೂನಿಕೋಡ್‌ನಲ್ಲಿರುತ್ತದೆಯೇ ಎಂದು ಕೇಳಿ. ತಿದ್ದುವುದಕ್ಕೂ ತಾವೇ ಬೇಕು ಎನ್ನುವವರಿಗೆ ಕೆಲಸ ಕೊಡಬೇಡಿ. ನಿಮ್ಮ ಸೈಟ್ ಇಷ್ಟು ವರ್ಷ ಹಾಗೆಯೇ ಬಿದ್ದಿರಲು ಮುಖ್ಯ ಕಾರಣ ಅದನ್ನು ತಿದ್ದುವುದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲದಿದ್ದುದು. ಅದೇ ಸ್ಥಿತಿಗೆ 90 ಸಾವಿರ ಕೊಟ್ಟು ಮತ್ತೆ ಹೋಗುವುದೇಕೆ?

ಸೈಟಿಗಿಂತ ಮೊದಲು ಜನ ನೋಡುವುದು ಗೂಗಲ್‌ನ ಬಿಸಿನೆಸ್ ಪ್ರೊಫೈಲ್, ನಕ್ಷೆಯ ಪಕ್ಕ ಬರುವ ಆ ಚೌಕ. ಅದರಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಸರಿಯಾಗಿದೆ, ಫೋಟೊಗಳೂ ಇವೆ. ಯಾರೋ ಬಂಧುಗಳು ಮಾಡಿರಬೇಕು. ಸೈಟಿನ ಸಂಖ್ಯೆ, ಪ್ರೊಫೈಲಿನ ಸಂಖ್ಯೆ ಒಂದೇ ಇರುವಂತೆ ನೋಡಿಕೊಳ್ಳಿ. ಹಾಗಾದರೆ ಪ್ರೊಫೈಲ್ ಒಂದೇ ಸಾಕಲ್ಲವೇ ಎಂದು ತಂದೆಯವರು ಕೇಳಬಹುದು. ಅದು ಗೂಗಲ್‌ನ ಜಾಗ. ಇದೇ ಸೇವೆಯಲ್ಲಿ ಅವರು ಚಿಕ್ಕ ವ್ಯಾಪಾರಿಗಳಿಗೆ ಉಚಿತ ವೆಬ್‌ಸೈಟುಗಳನ್ನೂ ಮಾಡಿಕೊಡುತ್ತಿದ್ದರು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಒಟ್ಟಿಗೆ ಮುಚ್ಚಿದರು. ಅದನ್ನೇ ನೆಚ್ಚಿ ಕಾರ್ಡುಗಳಲ್ಲಿ ಆ ವಿಳಾಸ ಅಚ್ಚು ಹಾಕಿಸಿದವರಿಗೆ ಹೊಸ ಕಾರ್ಡು ಮಾಡಿಸಬೇಕಾಯಿತು.

ಕೆಲಸದ ವೇಳೆಗೆ ನಿಮ್ಮ ಕಸುಬಿನಲ್ಲೇ ಅನುಕೂಲವಿದೆ. ಮೊದಲು ವರ್ಡ್‌ಪ್ರೆಸ್‌ನ ಅಡ್ಮಿನ್ ಪ್ರವೇಶ ಪಡೆದು ಸಂಖ್ಯೆಯನ್ನು ಇವತ್ತೇ ಬದಲಿಸಿ; ದರ, ಕನ್ನಡ ಪುಟ, ಚಿತ್ರಗಳು ಈ ವಾರ ಆಗಲಿ. ಉಳಿದ ಎರಡು ಕೀಲಿಗಳ ಕೆಲಸ ಈ ತಿಂಗಳು. ಥೀಮ್ ಬದಲಾವಣೆಗೆ ಆಷಾಢದವರೆಗೆ ಕಾಯಿರಿ. ಮುಹೂರ್ತಗಳಿಲ್ಲದ ಆ ತಿಂಗಳಲ್ಲಿ ಸೈಟ್ ಒಂದೆರಡು ದಿನ ನಿಂತರೂ ನಷ್ಟವಿಲ್ಲ, ತಂದೆಯವರಿಗೂ ಕುಳಿತು ಬರಹ ಓದಿ ತಿದ್ದಲು ಪುರಸೊತ್ತು ಇರುತ್ತದೆ. ಅಲ್ಲಿಯವರೆಗೆ ಆರ್ಡರ್ ಬರೆಯುವ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಗೆ ಗೀಚಿಕೊಳ್ಳಿ. ಫೋನ್ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮ ಹೆಸರು ಯಾರು ಹೇಳಿದರು, ಸಂಖ್ಯೆ ಎಲ್ಲಿ ಸಿಕ್ಕಿತು" ಎಂದು ಕೇಳಿ ಬರೆದಿಡಿ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ತಂದೆಯವರು ಹೇಳಿದ ಉತ್ತರವೇ ಹೆಚ್ಚಾಗಿ ಬರುತ್ತದೆ, ಎರಡನೆಯದಕ್ಕೆ ಏನು ಬರುತ್ತದೆ ನೋಡೋಣ. ಯಾರೊಬ್ಬರೂ ಸೈಟ್ ನೋಡಿಲ್ಲ ಎಂದೇ ಪುಸ್ತಕ ಹೇಳಿದರೆ, ಆಷಾಢದಲ್ಲಿ ಒಂದೇ ಪುಟದ ಸೈಟ್ ಮಾಡಿಸಿ: ಹೆಸರು, ಸಂಖ್ಯೆ, ಅಡುಗೆಯ ಪಟ್ಟಿ, ದರ, ನಾಲ್ಕು ಚಿತ್ರ. ಮಲ್ಲೇಶ್ವರದ ಲೆಕ್ಕಪರಿಶೋಧಕರೊಬ್ಬರು ಅಂತಹದ್ದರಲ್ಲೇ ವರ್ಷಗಳಿಂದ ನಿಶ್ಚಿಂತರಾಗಿದ್ದಾರೆ, ಅವರಿಗೆ ಏನನ್ನೂ ಬದಲಿಸಬೇಡಿ ಎಂದೇ ಹೇಳಿದ್ದೇನೆ.

ತಮ್ಮನ ಸಾರಿನ ಪುಡಿಯ ಯೋಚನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಬೇರೆಯೇ ವ್ಯಾಪಾರ: ಹಣ ಪಾವತಿ, ಕೊರಿಯರ್, ಪ್ಯಾಕಿಂಗ್, ಲೇಬಲ್ಲಿನ ಮೇಲಿನ ತಯಾರಿಕೆಯ ದಿನಾಂಕ, ವಾಪಸ್ ಬಂದದ್ದರ ಲೆಕ್ಕ. ಅದಕ್ಕೆ ಬೇಕಾಗುವ ಸೈಟಿನ ಕಟ್ಟುವಿಕೆಯೂ ಬೇರೆ, ಖರ್ಚೂ ಬೇರೆ. ಕೇಟರಿಂಗ್ ಸೈಟಿನ ಮೂಲೆಯಲ್ಲಿ ಅದನ್ನು ಸೇರಿಸಿದರೆ ಎರಡೂ ಕೆಡುತ್ತವೆ. ಮೊದಲು ಕೆಲವು ತಿಂಗಳು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ತೆಗೆದುಕೊಂಡು, ಯುಪಿಐನಲ್ಲಿ ಹಣ ಪಡೆದು ಮಾರಿ ನೋಡಲಿ. ಆಮೇಲೆ ಬರೆಯಿರಿ, ಬರೆಯುವಾಗ ವಾರಕ್ಕೆ ಎಷ್ಟು ಕಿಲೋ ಹೋಗುತ್ತಿದೆ, ಮದುವೆಯ ತಿಂಗಳುಗಳಲ್ಲಿ ಪುಡಿ ಹುರಿಯಲು ಕೈ ಖಾಲಿ ಇರುವವರು ಯಾರು ಎಂಬುದನ್ನೂ ತಿಳಿಸಿ.